ಹುಳು ಮನೆಯಲ್ಲಿ ಒಣಗಿಸಿದ ಸೊಪ್ಪು

ಹಳದಿ ಬಣ್ಣ ಬರದಿದ್ದರೆ ಖುಷಿಪಡಬೇಕಾದ ಪ್ರಯೋಗ ನನ್ನದು. ಊಟದ ಪಿಷ್ಟವನ್ನು ಕೊನೆಗೆ ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವ ನಮ್ಮ ಕರುಳಿನಲ್ಲಿದೆ. ಅಂಥದೇ ಕಿಣ್ವವನ್ನು ನಳಿಕೆಯಲ್ಲಿಟ್ಟು, ಒಡೆಯುವುದಕ್ಕೆ ಒಂದು ರಾಸಾಯನಿಕ ಕೊಟ್ಟರೆ, ಅದು ಒಡೆದಂತೆಲ್ಲ ದ್ರಾವಣ ಹಳದಿಯಾಗುತ್ತದೆ. ಗಿಡದ ಸಾರ ಸೇರಿಸಿದಾಗ ಹಳದಿ ಕಡಿಮೆಯಾದರೆ ಆ ಗಿಡ ಕಿಣ್ವದ ಕೈ ಹಿಡಿದಿದೆ ಎಂದರ್ಥ. ಊಟವಾದ ಮೇಲೆ ರಕ್ತದಲ್ಲಿ ಸಕ್ಕರೆ ದಡದಡ ಏರದಂತೆ ಅದು ತಡೆಯಬಹುದು. ಹಿಪ್ಪುನೇರಳೆ ಎಲೆಗೆ ಈ ಗುಣ ಇದೆ ಎನ್ನುವುದು ಹಳೆಯ ಸುದ್ದಿ. ನನ್ನ ಪಿಎಚ್‌.ಡಿ. ಪ್ರಶ್ನೆ ಚಿಕ್ಕದು: ನಮ್ಮ ಜಿಲ್ಲೆಯಲ್ಲಿ ತೋಟದಿಂದ ತೋಟಕ್ಕೆ ಆ ಗುಣ ಎಷ್ಟು ಬದಲಾಗುತ್ತದೆ? ಇಷ್ಟು ಚಿಕ್ಕ ಪ್ರಶ್ನೆಯಲ್ಲಿ ಅಷ್ಟು ದೊಡ್ಡ ತಪ್ಪು ಮಾಡುತ್ತೀಯ ಎಂದು ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ನನ್ನ ಬಾಯಿ ಹಾಗೆ.

ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಬೆಳಗ್ಗೆ ಪಾಠ, ಮಧ್ಯಾಹ್ನ ಅದೇ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ. ನಾಲ್ಕು ತೋಟ ಆರಿಸಿಕೊಂಡಿದ್ದೆ. ಮಂಡಿಕಲ್ ಹತ್ತಿರ ಒಂದು, ಚಿಂತಾಮಣಿ ಕಡೆ ಒಂದು, ಗೌರಿಬಿದನೂರಿನಿಂದ ಕುಡುಮಲಕುಂಟೆ ದಾಟಿದ ಮೇಲೆ ಒಂದು, ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಆಚೆಯ ಹಳ್ಳಿಯಲ್ಲಿ ಒಂದು. ನಾಲ್ಕರಲ್ಲೂ ಒಂದೇ ತಳಿಯ ಗಿಡ, ಕಟಾವಾದ ಮೇಲೆ ಒಂದೇ ಲೆಕ್ಕದ ದಿನಕ್ಕೆ ಕಿತ್ತ ಸೊಪ್ಪು. ಮೊದಲ ಮೂರು ತೋಟದ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು, ಕಾಲೇಜಿನ ಹಿಂದಿನ ಖಾಲಿ ಕೊಠಡಿಯಲ್ಲಿ ಪೇಪರಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿದೆ. ಬಿಸಿಲಿಗೆ ಹಾಕಿದರೆ ಎಲೆಯೊಳಗಿನ ಅಂಶಗಳು ಕೆಡುತ್ತವೆ.

ದಿಬ್ಬೂರಹಳ್ಳಿ ಕಡೆಯ ತೋಟ ದೂರ. ಅಲ್ಲಿ ರೇಷ್ಮೆ ಹುಳು ಸಾಕುವ ಅಕ್ಕ ಒಬ್ಬರಿದ್ದರು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು, ಒಂದು ನಿಮಿಷ ಸುಮ್ಮನೆ ಕೂರುವವರಲ್ಲ. ಅವರ ಅತ್ತೆಗೆ ಎಪ್ಪತ್ತು ದಾಟಿತ್ತು. ಆ ಅಜ್ಜಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಅಜ್ಜಿಯ ಮಾತು ಅರ್ಧ ತೆಲುಗು, ನನ್ನನ್ನು ‘ತಲ್ಲಿ’, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ಇಷ್ಟು ಸೊಪ್ಪು ಹೊತ್ತುಕೊಂಡು ಎರಡು ಬಸ್ಸು ಹತ್ತಿ ಯಾಕೆ ಸಾಯ್ತೀರಿ, ನಮ್ಮಲ್ಲೇ ನೆರಳಲ್ಲಿ ಒಣಗಿಸಿಡುತ್ತೇನೆ, ಮುಂದಿನ ವಾರ ಬಂದು ತಗೊಂಡು ಹೋಗಿ ಎಂದರು ಅಕ್ಕ. ನಾನು ಸರಿ ಅಂದೆ. ಒಂದು ತೋಟಕ್ಕೆ ಒಂದು ರೀತಿ, ಇನ್ನೊಂದಕ್ಕೆ ಇನ್ನೊಂದು ರೀತಿ ಮಾಡಬಾರದು ಎಂದು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸುವವಳು ನಾನೇ. ಎಲ್ಲಿ ಒಣಗಿಸುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ.

ಒಂದು ವಾರ ಬಿಟ್ಟು ಗೋಣಿಚೀಲದಲ್ಲಿ ಗರಿಗರಿ ಒಣಗಿದ ಸೊಪ್ಪು ಬಂತು. ಪುಡಿ ಮಾಡಿ, ಬಿಸಿನೀರಿನಲ್ಲಿ ಸಾರ ತೆಗೆದು, ಸೋಸಿ, ನೀರು ಆವಿಯಾಗುವ ತನಕ ಕಾಯಿಸಿ, ಉಳಿದ ಕಂದು ಅಂಟನ್ನು ಕೆರೆದು ತೂಕ ಮಾಡಿದೆವು. ‘ಮಾಡಿದೆವು’ ಅಂದರೆ ನಾನು ಮತ್ತು ನಮ್ಮ ಲ್ಯಾಬಿನ ಅಟೆಂಡರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಮನುಷ್ಯ, ನಮ್ಮ ವಿಭಾಗಕ್ಕೆ ಬರುವ ಮುಂಚೆ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದವರು. ಸಾರ ಕುದಿಯುವಾಗ ಅವರು ಬೀಕರಿನ ಹತ್ತಿರ ಮೂಗು ಒಯ್ದು, ನಮ್ಮ ಹಳೇ ಲ್ಯಾಬಿನ ವಾಸನೆ ಬರ್ತಾ ಇದೆಯಲ್ಲ ಮೇಡಂ, ಹಾವು ಕಪ್ಪೆ ಇಡೋ ಬಾಟಲಿಗಳ ವಾಸನೆ ಅಂದರು. ಒಣಸೊಪ್ಪು ಅಂದ ಮೇಲೆ ಒಂದು ವಾಸನೆ ಇರುತ್ತೆ, ನೀವು ಮೊದಲು ಆ ಫನಲ್ ತೊಳೀರಿ ಎಂದು ಅವರ ಬಾಯಿ ಮುಚ್ಚಿಸಿದೆ.

ಆ ಮಧ್ಯಾಹ್ನ ನಳಿಕೆಗಳನ್ನು ಸಾಲಾಗಿಟ್ಟಾಗ ಮೂರು ತೋಟದವು ತೆಳು ಹಳದಿ, ದಿಬ್ಬೂರಹಳ್ಳಿಯದು ನೀರಿನಷ್ಟು ಬಿಳುಪು. ಯಂತ್ರದಲ್ಲಿಟ್ಟು ಓದಿದರೆ ಕಿಣ್ವದ ಕೆಲಸ ಹೆಚ್ಚುಕಡಿಮೆ ಪೂರ್ತಿ ನಿಂತಿತ್ತು. ಸಾರವನ್ನು ಹತ್ತು ಪಟ್ಟು ತೆಳು ಮಾಡಿದರೂ ಹಳದಿ ಬರಲಿಲ್ಲ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಂದೇ ತಳಿ, ಒಂದೇ ವಯಸ್ಸಿನ ಸೊಪ್ಪು, ಒಂದು ಮಾತ್ರ ಇಷ್ಟು ಬೇರೆ ಯಾಕೆ ಎಂದು ಕೇಳಬೇಕಾದವಳು ಎತ್ತು ಈಯಿತು ಅಂದ ತಕ್ಷಣ ಕೊಟ್ಟಿಗೆಗೆ ಕಟ್ಟಿದೆ. ಅಲ್ಲಿಯ ಮಣ್ಣಿನಲ್ಲಿ ಏನೋ ವಿಶೇಷ ಇರಬೇಕು ಎಂದು ಎರಡು ಪುಟ ಬರೆದೆ. ಬೆಂಗಳೂರಿನಲ್ಲಿದ್ದ ನನ್ನ ಗೈಡ್ ಸರ್ ಅಂಕಿಗಳನ್ನು ನೋಡಿ, ಇನ್ನೊಂದು ಸಲ ಸೊಪ್ಪು ತಂದು ಮಾಡಿ ನೋಡಿ, ಬಂದರೆ ಪತ್ರಿಕೆಗೆ ಕಳಿಸೋಣ ಅಂದರು.

ಮತ್ತೆ ಹೋಗಿ ಸೊಪ್ಪು ತಂದೆ. ಅದೇ ತೋಟ, ಅದೇ ಸಾಲು. ಈ ಸಲ ಅಕ್ಕನ ಮನೆಯಲ್ಲಿ ಹುಳು ಮೂರನೇ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಅನ್ನುತ್ತಾರೆ. ಹುಳು ಇರುವಾಗ ಅಕ್ಕನಿಗೆ ಪುರುಸೊತ್ತು ಎಲ್ಲಿ? ಹಾಗಾಗಿ ಹಸಿ ಸೊಪ್ಪನ್ನೇ ಹೊತ್ತು ತಂದು ಕಾಲೇಜಿನ ಕೊಠಡಿಯಲ್ಲಿ ಒಣಗಿಸಿದೆ. ಈ ಎರಡನೇ ಕಂತಿನ ಸಾರ ಹಾಕಿದ ನಳಿಕೆ ಉಳಿದ ಮೂರು ತೋಟದ ಹಾಗೆಯೇ ತೆಳು ಹಳದಿಯಾಯಿತು. ಮತ್ತೆ ಮಾಡಿದೆ, ಮತ್ತೆ ಹಳದಿ. ಮೂರನೇ ಸಲವೂ ಅಷ್ಟೇ.

ಈಗ ಹೇಳುವುದು ನನ್ನ ಬದುಕಿನಲ್ಲಿ ನಾನು ಯಾರಿಗೂ ಹೇಳಬಾರದು ಅಂದುಕೊಂಡಿದ್ದ ಮಾತು. ಆ ಮೂರು ದಿನದ ಅಂಕಿಗಳನ್ನು ನಾನು ಪುಸ್ತಕದಲ್ಲಿ ಬರೆಯಲಿಲ್ಲ. ಎರಡನೇ ಕಂತಿನ ಸೊಪ್ಪು ಎಳೆಯದಾಗಿರಬೇಕು, ಬಸ್ಸಿನಲ್ಲಿ ಬಾಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಮೊದಲ ಕಂತಿನಲ್ಲಿ ಉಳಿದಿದ್ದ ಪುಡಿಯಿಂದಲೇ ಮತ್ತೊಮ್ಮೆ ಸಾರ ತೆಗೆದು, ಮತ್ತೆ ಬಿಳುಪು ಬಂದಿದ್ದನ್ನು ‘ಪುನರಾವರ್ತನೆ’ ಎಂದು ಬರೆದು ಗೈಡ್ ಸರ್‌ಗೆ ಕಳಿಸಿದೆ. ಒಂದೇ ಚೀಲದ ಸೊಪ್ಪನ್ನು ಎರಡು ಸಲ ಕುದಿಸುವುದು ಪುನರಾವರ್ತನೆಯಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಪಿಎಚ್‌.ಡಿ. ಸಿನಾಪ್ಸಿಸ್ ಕೊಡುವ ಅವಧಿ ಹತ್ತಿರ ಬಂದಿತ್ತು, ಅದೂ ಗೊತ್ತಿತ್ತು.

ಪ್ರಬಂಧ ಪತ್ರಿಕೆಗೆ ಹೋಯಿತು. ನಾನು ಆ ಖುಷಿಯಲ್ಲಿ ದಿಬ್ಬೂರಹಳ್ಳಿಯ ಬಸ್ಸು ಹತ್ತಿದೆ. ಅಕ್ಕನ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ, ನಾಲ್ಕು ತಾಲ್ಲೂಕಿನಲ್ಲಿ ನಿಮ್ಮ ತೋಟದ ಸೊಪ್ಪೇ ಸಕ್ಕರೆ ಕಾಯಿಲೆಗೆ ಮೇಲು, ಲ್ಯಾಬಿನಲ್ಲಿ ನೋಡಿದ್ದೀನಿ ಅಂದೆ. ಅಜ್ಜಿಯ ಮುಖ ಊರಗಲ ಆಯಿತು. ಹಂಗಾದ್ರೆ ನಾನೂ ಕುಡೀಬಹುದಾ ತಲ್ಲಿ ಎಂದು ಕೇಳಿದರು. ಕುಡೀರಿ ಅಜ್ಜಿ, ಸೊಪ್ಪು ತಾನೇ, ಏನಾಗುತ್ತೆ ಎಂದೆ. ಮಾತ್ರೆ ಬಿಡಿ ಎಂದು ನಾನು ಹೇಳಲಿಲ್ಲ. ಈ ಒಂದು ವಾಕ್ಯವನ್ನು ಹಿಡಿದುಕೊಂಡು ಆಮೇಲೆ ಎಷ್ಟೋ ದಿನ ನನ್ನನ್ನು ನಾನು ಸಮಾಧಾನ ಮಾಡಿಕೊಂಡಿದ್ದೇನೆ. ಬಿಡಬೇಡಿ ಎಂದೂ ಹೇಳಲಿಲ್ಲವಲ್ಲ.

ಐದಾರು ವಾರ ಕಳೆದಿರಬೇಕು. ಪತ್ರಿಕೆಯವರು ಸಣ್ಣಪುಟ್ಟ ತಿದ್ದುಪಡಿ ಕೇಳಿ ಪ್ರಬಂಧವನ್ನು ವಾಪಸ್ ಕಳಿಸಿದ್ದರು, ಅಂದರೆ ಹೆಚ್ಚುಕಡಿಮೆ ಒಪ್ಪಿದಂತೆಯೇ. ಅದನ್ನು ತಿದ್ದುತ್ತ ಕೂತಿದ್ದಾಗ ಅಕ್ಕನ ಫೋನು ಬಂತು. ಅಜ್ಜಿ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಿದ್ದರು, ಶಿಡ್ಲಘಟ್ಟದ ಆಸ್ಪತ್ರೆಗೆ ಸೇರಿಸಿದ್ದರು, ಸಕ್ಕರೆ ನಾನೂರು ದಾಟಿತ್ತು. ಹಿಮ್ಮಡಿಯಲ್ಲಿ ಒಂದು ಗಾಯ ಆಗಿ ಕೀವು ತುಂಬಿತ್ತಂತೆ. ನಾನು ಓಡಿದೆ. ಬುದ್ಧಿ ಎಲ್ಲಿತ್ತೋ, ದಾರಿಯಲ್ಲಿ ಬಾಳೆಹಣ್ಣು, ಸಪೋಟ ಕಟ್ಟಿಸಿಕೊಂಡು ಹೋದೆ. ನರ್ಸು ಚೀಲವನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಅದನ್ನು ಕಿಟಕಿಯ ಮೇಲಿಟ್ಟರು.

ಅಜ್ಜಿ ಮಾತ್ರೆ ಬಿಟ್ಟು ಒಂದು ತಿಂಗಳಾಗಿತ್ತು. ಸೊಪ್ಪಿನ ಕಷಾಯ ಇರುವಾಗ ಮಾತ್ರೆ ಯಾಕೆ ಎಂದು ಅವರೇ ನಿರ್ಧಾರ ಮಾಡಿದ್ದರು. ಮನೆಯಲ್ಲಿ ಒಣಗಿಸಿಟ್ಟ ಸೊಪ್ಪಿನದು ಕುಡಿಯತೊಡಗಿದ ಮೇಲೆ ಗಂಟಲು ಉರಿಯುತ್ತಿತ್ತಂತೆ, ಔಷಧಿ ಅಂದಮೇಲೆ ಉರಿ ಇದ್ದೇ ಇರುತ್ತೆ ಎಂದು ಹಾಗೇ ಕುಡಿದಿದ್ದರಂತೆ. ಗಂಟಲು ಯಾಕೆ ಉರಿಯಬೇಕು ಎಂದು ನಾನು ಅಕ್ಕನನ್ನು ಕೇಳಿದೆ. ಸೊಪ್ಪು ಎಲ್ಲಿ ಒಣಗಿಸಿದಿರಿ ಎಂದು ಆಗ, ಅಷ್ಟು ತಿಂಗಳಾದ ಮೇಲೆ, ಮೊದಲ ಸಲ ಕೇಳಿದೆ.

“ನಿಮಗೆ ಮೊದಲ ಸಲ ಒಣಗಿಸಿದ ಕಡೆನೇ ಮೇಡಂ. ಹುಳು ಮನೇಲಿ, ಹುಳು ಮೇಯಿಸೋ ಅಟ್ಟಣೆ ಮೇಲೆ. ನೆರಳು ಅಂದ್ರೆ ಅದೇ ಅಲ್ವಾ? ಬೆಳೆ ಮುಗಿದು ಗೂಡು ಮಾರಿ ಖಾಲಿ ಇತ್ತು.”

“ಪುಡಿ ಹಾಕಿದ್ರಾ ಅಟ್ಟಣೆಗೆ?”

“ಬೆಳೆ ಆದ್ಮೇಲೆ ಹಾಕ್ದೆ ಇರಕ್ಕಾಗುತ್ತಾ? ಸೊಪ್ಪನ್ನ ಒದರಿದ್ದೆ. ಈ ಸಲ ಬಟ್ಟೆ ಹಾಸಣ ಅಂದ್ಕೊಂಡೆ, ಆಮೇಲೆ ಬೇಡ ಅನ್ನಿಸ್ತು. ನೀವು ಟೆಸ್ಟ್ ಮಾಡಿ ಒಳ್ಳೇದು ಅಂದಿದ್ದು ಬಟ್ಟೆ ಹಾಸ್ದೆ ಒಣಗಿಸಿದ್ದನ್ನ. ಅದಕ್ಕೇ ಒಂಚೂರೂ ಬದಲಾಯಿಸ್ಲಿಲ್ಲ.”

ಆ ಪುಡಿ ಏನು ಎಂದು ನನಗೆ ಗೊತ್ತು. ರೋಗ ಬರದಿರಲೆಂದು ಹುಳು ಮನೆಯಲ್ಲಿ ಉದುರಿಸುವ ಬಿಳಿ ಪುಡಿ. ಅವರ ಮನೆಯ ಡಬ್ಬದಲ್ಲಿದ್ದದ್ದು ಸುಣ್ಣಕ್ಕೆ ಫಾರ್ಮಲಿನ್ ಜಾತಿಯ ಒಂದು ರಾಸಾಯನಿಕ ಬೆರೆಸಿದ ಪುಡಿ. ಹಾವು ಕಪ್ಪೆ ಇಡುವ ಬಾಟಲಿಯ ವಾಸನೆ ಬಂದದ್ದು ಅದರಿಂದ. ಫಾರ್ಮಲಿನ್ ಯಾವ ಕಿಣ್ವವನ್ನೂ ಕೈ ಹಿಡಿದು ತಡೆಯುವುದಿಲ್ಲ, ಕೊಂದುಬಿಡುತ್ತದೆ. ನಾನು ಪತ್ರಿಕೆಗೆ ಬರೆದು ಕಳಿಸಿದ್ದ ಔಷಧಿ ಗುಣ ಅಷ್ಟೇ. ಕುಡಿದ ವಿಷಯವನ್ನು ಡಾಕ್ಟರಿಗೆ ಹೇಳಬೇಕು ಎಂಬುದೊಂದು ನೆನಪಾಗಿ, ಹೋಗಿ ಹೇಳಿದೆ. ಅವರು ಪುಡಿಯ ಡಬ್ಬ ತರಿಸಿ ನೋಡಿದರು, ಅಜ್ಜಿಯ ಹೊಟ್ಟೆಗೆ ಏನಾದರೂ ಆಗಿದೆಯೇ ಎಂದೂ ಪರೀಕ್ಷಿಸಿದರು.

ಡಾಕ್ಟರಿಗೆ ಹೇಳಿ ನಾನು ವಾಪಸ್ ಬಂದಾಗ ಅಕ್ಕ ಇನ್ನೂ ಅದನ್ನೇ ಯೋಚಿಸುತ್ತಿದ್ದರು. ಕೋಪ ಇರಲಿಲ್ಲ ಅವರಿಗೆ, ನಿಜವಾಗಿಯೂ ಅರ್ಥವಾಗದೆ ಕೇಳಿದರು.

“ಬೇರೆಯವರ ತೋಟದ ಸೊಪ್ಪು ಕೊಂಡ್ರೆ ನಾವು ಮೊದಲು ಹತ್ತು ಹುಳಕ್ಕೆ ಹಾಕಿ ನೋಡ್ತೀವಿ ಮೇಡಂ. ಔಷಧಿ ಹೊಡೆದಿದ್ರೆ ಗೊತ್ತಾಗ್ಬಿಡುತ್ತೆ. ಹುಳಕ್ಕೇ ಅಷ್ಟು ನೋಡ್ತೀವಿ. ನಿಮ್ಮ ಲ್ಯಾಬಲ್ಲಿ ಅಂಗೆ ನೋಡೋದು ಇಲ್ವಾ?”

“ಐತೆ” ಅಂದೆ. ಐತೆ, ಮೂರು ದಿನ ನೋಡಿದ್ದೆ, ಬರೆಯಲಿಲ್ಲ ಎನ್ನುವುದನ್ನು ಹೇಳಲಿಲ್ಲ.

ಮಾರನೆಯ ದಿನ ಕಾಲೇಜಿನಲ್ಲಿ ಅಟೆಂಡರನ್ನು ಜೊತೆಗಿಟ್ಟುಕೊಂಡು ಕೆಲಸ ಶುರು ಮಾಡಿದೆ. ಮೊದಲ ಕಂತಿನ ಸೊಪ್ಪಿನ ಪುಡಿಯನ್ನು ನೀರಿನಲ್ಲಿ ಕದಡಿ ಪಿಎಚ್ ಕಾಗದ ಅದ್ದಿದರೆ ಕಡುನೀಲಿ, ಸುಣ್ಣ ಇದ್ದರೆ ಬರುವ ಬಣ್ಣ. ನಾಲ್ಕಾಣೆ ಬೆಲೆಯ ಪರೀಕ್ಷೆ, ಮೊದಲ ದಿನವೇ ಮಾಡಬಹುದಿತ್ತು. ಮಂಡಿಕಲ್ ತೋಟದಿಂದ ಹೊಸ ಸೊಪ್ಪು ತಂದು ಎರಡು ಪಾಲು ಮಾಡಿದೆವು. ಒಂದನ್ನು ಹಾಗೇ ಒಣಗಿಸಿ, ಇನ್ನೊಂದನ್ನು ಅಕ್ಕನ ಡಬ್ಬದ ಪುಡಿ ಉದುರಿಸಿದ ತಟ್ಟೆಯ ಮೇಲೆ ಒಣಗಿಸಿ ಒದರಿದೆವು. ಸಾರ ತೆಗೆದು ಕಿಣ್ವಕ್ಕೆ ಹಾಕಿದಾಗ ಹಾಗೇ ಒಣಗಿಸಿದ್ದು ತೆಳು ಹಳದಿಯಾಯಿತು, ಪುಡಿಯದ್ದು ನೀರಿನಷ್ಟು ಬಿಳುಪಾಗಿಯೇ ಉಳಿಯಿತು. ಹಾಲಿನ ಸಕ್ಕರೆಯನ್ನು ಒಡೆಯುವ ಬೇರೆಯದೇ ಒಂದು ಕಿಣ್ವಕ್ಕೂ ಹಾಕಿ ನೋಡಿದೆ, ಹಿಪ್ಪುನೇರಳೆ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಪುಡಿಯ ಸೊಪ್ಪಿನ ಸಾರಕ್ಕೆ ಅದೂ ಸತ್ತಿತು. ಅಟೆಂಡರು ನಾನು ಅವತ್ತೇ ಹೇಳಿದ್ದೆ ಎಂದು ಒಂದು ಸಲವೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿ ಇತ್ತು.

ಗೈಡ್ ಸರ್ ಕೆಟ್ಟವರಲ್ಲ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ಆ ತೋಟದ ಅಂಕಿಗಳನ್ನು ತೆಗೆದು ಮೂರೇ ತೋಟದ ಪ್ರಬಂಧ ಮಾಡಿ ಅಂದರು. ಮಾದರಿ ಕಲುಷಿತವಾಗಿತ್ತು ಎಂದು ಒಂದು ಸಾಲು ಬರೆದರೆ ಸಾಕಂತೆ, ಅದು ಸುಳ್ಳೂ ಅಲ್ಲವಂತೆ. ಎರಡನೇ ಕಂತಿನ ವಿಷಯ ಹೇಳಿದಾಗ ಅವರ ದನಿ ತಗ್ಗಿತು. ಅದನ್ನು ಯಾಕೆ ಬರೀತೀರಮ್ಮ, ಯಾರು ಕೇಳ್ತಾರೆ, ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಎಂದು ನೆನಪಿಸಿದರು.

ಎರಡು ದಿನ ನಾನು ಅವರ ಮಾತಿನ ಹಾಗೆಯೇ ಬರೆದೆ. ಇದನ್ನೂ ಮುಚ್ಚಿಡುವುದಿಲ್ಲ. ಮೂರು ತೋಟದ ಪ್ರಬಂಧ ಚೊಕ್ಕವಾಗಿಯೇ ಬಂದಿತ್ತು. ಕಳಿಸುವ ಮುಂಚೆ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದ ಆ ಮೂರು ದಿನದ ಪುಟ ಕಣ್ಣಿಗೆ ಬಿತ್ತು. ಆ ಪುಟ ತುಂಬಿಸಿದ್ದರೆ ಅಜ್ಜಿ ಮಾತ್ರೆ ಬಿಡುತ್ತಿರಲಿಲ್ಲ, ಇಷ್ಟೇ ಲೆಕ್ಕ. ನಳಿಕೆಗಳ ಅಂಕಿ ಯಂತ್ರದ ನೆನಪಿನಲ್ಲಿ ಇನ್ನೂ ಇದ್ದವು. ಅವನ್ನು ಇಳಿಸಿ, ಇಂದಿನ ದಿನಾಂಕ ಹಾಕಿ, ತಡವಾಗಿ ಬರೆದದ್ದು ಎಂದು ಸಹಿ ಮಾಡಿದೆ. ಪ್ರಬಂಧ ವಾಪಸ್ ಪಡೆಯುತ್ತೇನೆ, ಎರಡನೇ ಕಂತಿನ ಫಲಿತಾಂಶವನ್ನು ನಾನೇ ತಡೆಹಿಡಿದಿದ್ದೆ, ಗೈಡ್‌ಗೆ ಗೊತ್ತಿರಲಿಲ್ಲ ಎಂದು ಪತ್ರಿಕೆಗೆ ಬರೆದೆ. ಪ್ರತಿಯನ್ನು ಕಾಲೇಜಿಗೂ ಕೊಟ್ಟೆ. ಇದನ್ನು ಧೈರ್ಯ ಅನ್ನಬೇಡಿ. ಧೈರ್ಯ ಇದ್ದವಳು ಮೊದಲ ಹಳದಿ ನಳಿಕೆಯ ದಿನವೇ ಬರೆಯುತ್ತಿದ್ದಳು. ಪ್ರಿನ್ಸಿಪಾಲರು ನನ್ನನ್ನು ಲ್ಯಾಬಿನ ಉಸ್ತುವಾರಿಯಿಂದ ತೆಗೆದರು. ಸಿನಾಪ್ಸಿಸ್ ಒಂದು ವರ್ಷ ಮುಂದಕ್ಕೆ ಹೋಯಿತು.

ಪತ್ರ ಬರೆಯುವುದು ಸುಲಭ, ಎದುರಿಗೆ ಮುಖ ಇರುವುದಿಲ್ಲ. ಅಜ್ಜಿ ಮನೆಗೆ ಬಂದು ಹತ್ತು ದಿನವಾದ ಮೇಲೆ ಒಂದು ಬೆಳಗ್ಗೆ ಹೋದೆ. ಹಿಮ್ಮಡಿಗೆ ಪಟ್ಟಿ ಕಟ್ಟಿಕೊಂಡು ಕಾಲು ಚಾಚಿ ಜಗುಲಿಯಲ್ಲಿ ಕೂತಿದ್ದರು. ನಾನು ಕೆಳಗೆ ಕೂತೆ. ಪುಡಿಯ ವಿಷಯ ಅವರಿಗೆ ಸೊಸೆಯಿಂದ ಗೊತ್ತಾಗಿತ್ತು. ಗೊತ್ತಿಲ್ಲದ್ದನ್ನು ಹೇಳಿದೆ: ಎರಡನೇ ಸಲ ಸೊಪ್ಪು ತಂದಾಗಲೇ ಏನೋ ತಪ್ಪಿದೆ ಎಂದು ಗೊತ್ತಾಗಿತ್ತು, ನನ್ನ ಓದು ಕೆಡಬಾರದು ಎಂದು ಮುಚ್ಚಿಟ್ಟೆ, ಮುಚ್ಚಿಟ್ಟುಕೊಂಡೇ ಇಲ್ಲಿ ಬಂದು ಒಳ್ಳೇದು ಅಂದೆ. ಒಳಗಿದ್ದ ಅಕ್ಕ ಬಾಗಿಲಿಗೆ ಬಂದು ನಿಂತರು. ಅವರ ಮುಖವನ್ನು ನೋಡುವುದಕ್ಕೆ ನನಗೆ ಆಗಲಿಲ್ಲ. ಹಾಗೇ ತಿರುಗಿ ಹುಳು ಮನೆಯ ಕಡೆಗೆ ಹೋಗಿಬಿಟ್ಟರು. ಅವತ್ತು ಮತ್ತೆ ಹೊರಗೆ ಬರಲಿಲ್ಲ.

ಅಜ್ಜಿ ಬೈಯುತ್ತಾರೆ ಎಂದು ಕಾದೆ. ಅವರಿಗೆ ಬೇರೆ ಚಿಂತೆ ಇತ್ತು.

“ನಾನು ಇನ್ನೂ ಮೂರು ಜನಕ್ಕೆ ಕೊಟ್ಟಿದ್ದೀನಲ್ಲ ತಲ್ಲಿ” ಅಂದರು. ಊರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ಮೂವರಿಗೆ ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಔಷಧಿ ಕೊಡುವಾಗ ಹೇಳಿಕೊಟ್ಟವರು ಯಾರೆಂದು ಹೇಳಿಯೇ ಕೊಡಬೇಕು, ಇಲ್ಲದಿದ್ದರೆ ಹತ್ತುವುದಿಲ್ಲ ಎನ್ನುವುದು ಅವರ ಪದ್ಧತಿ. ಹಾಗಾಗಿ ಪ್ರತಿ ಪೊಟ್ಟಣದ ಜೊತೆ ಚಿಕ್ಕಬಳ್ಳಾಪುರದ ಕಾಲೇಜು ಮೇಡಂ ಹೇಳಿದ್ದು ಎಂದು ಹೇಳಿದ್ದರು. ತಾವು ಬಿದ್ದ ಮೇಲೆ ಸೊಸೆಯ ಕೈಲಿ ಕುಡೀಬೇಡಿ ಎಂದು ಹೇಳಿ ಕಳಿಸಿದ್ದರಂತೆ. ಅಷ್ಟಕ್ಕೆ ಆಗಲ್ಲ ಅಂದರು. ಹೆಸರು ಹೇಳಿ ಕೊಟ್ಟಿದ್ದನ್ನು ಆ ಹೆಸರಿನವರೇ ಬಂದು ವಾಪಸ್ ತಗೋಬೇಕು.

ಕೋಲು ಹಿಡಿದು ಎದ್ದರು. ನಾನೊಬ್ಬಳೇ ಹೋಗುತ್ತೇನೆ, ನೀವು ಕಾಲು ಊರಬೇಡಿ ಎಂದರೆ ಕೇಳಲಿಲ್ಲ. ಪಟ್ಟಿ ಕಟ್ಟಿದ ಕಾಲಿನ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿಸುತ್ತಾ, ನನ್ನ ಭುಜ ಹಿಡಿದುಕೊಂಡು ನಡೆದರು. ನಾಚಿಕೆ ಎನ್ನುವುದು ಎಷ್ಟು ಭಾರ ಎಂದು ನನಗೆ ಅವತ್ತು ಭುಜದ ಮೇಲೆ ತಿಳಿಯಿತು.

ಮೊದಲ ಮನೆಯಲ್ಲಿ ನಾನು ಫಾರ್ಮಲಿನ್, ಕಿಣ್ವ ಎಂದೆಲ್ಲ ಶುರು ಮಾಡಿದೆ. ಆ ಮನೆಯಾಕೆ ಪಿಳಿಪಿಳಿ ಕಣ್ಣು ಬಿಟ್ಟು ನೋಡುತ್ತಿದ್ದರು. ಅಜ್ಜಿ ನನ್ನ ತೋಳು ಒತ್ತಿದರು. “ಅವೆಲ್ಲ ಬ್ಯಾಡ. ತಪ್ಪಾಯ್ತು ಅನ್ನು. ಮಾತ್ರೆ ನುಂಗಿ ಅನ್ನು.” ತಪ್ಪಾಯಿತು ಅಂದೆ. ಆಸ್ಪತ್ರೆಗೆ ಹೋಗಿ ತೋರಿಸಿ, ಅವರು ಕೊಟ್ಟ ಮಾತ್ರೆ ಬಿಡಬೇಡಿ ಅಂದೆ. ಆಕೆ ವಾರಕ್ಕೆರಡು ಸಲ ಕುಡಿದು, ಗಂಟಲು ಉರಿಯುತ್ತೆ ಎಂದು ಬಿಟ್ಟಿದ್ದರು. ಪೊಟ್ಟಣ ತಂದು ನನ್ನ ಕೈಲಿಟ್ಟರು.

ಎರಡನೇ ಮನೆ ಸಾಲಿನ ತುದಿಯಲ್ಲಿತ್ತು. ಅಲ್ಲಿ ಅಜ್ಜಿಯ ವಯಸ್ಸಿನವರೇ ಒಬ್ಬರು, ಚಿಕ್ಕಂದಿನ ಗೆಳತಿ, ಹುರುಳಿಕಾಯಿ ಬಿಡಿಸುತ್ತ ಕೂತಿದ್ದರು. ನಾನು ತಪ್ಪಾಯಿತು ಎನ್ನುವುದನ್ನು ಪೂರ್ತಿ ಕೇಳಿ, ಒಳಗೆ ಹೋಗಿ ಪೊಟ್ಟಣ ತಂದರು. ಕಟ್ಟಿದ ದಾರ ಬಿಚ್ಚಿರಲಿಲ್ಲ.

“ನಾನು ಕುಡೀಲೇ ಇಲ್ಲ ಕಣಮ್ಮ” ಎಂದರು ನನಗೆ. “ಮಾತ್ರೇನೂ ಬಿಡ್ಲಿಲ್ಲ. ಮೊದಲು ಇವಳಿಗೆ ಏನಾಗುತ್ತೆ ನೋಡಣ ಅಂತ ಇಟ್ಕೊಂಡಿದ್ದೆ.”

ಅವರು ಅದನ್ನು ಅಜ್ಜಿಯ ಎದುರಿಗೇ ಹೇಳಿದರು, ಒಂದಿಷ್ಟೂ ಮುಚ್ಚುಮರೆ ಇಲ್ಲದೆ. ಹುರುಳಿಕಾಯಿ ಬಿಡಿಸುವವರಿಗೆ ಇದ್ದ ಬುದ್ಧಿ ಇದು. ಅವರು ಪರೀಕ್ಷೆ ಮಾಡಿ ನೋಡಿದ್ದು ನನ್ನ ಭುಜ ಹಿಡಿದು ನಿಂತಿದ್ದ ಅಜ್ಜಿಯ ಮೇಲೆ, ಆ ಅಜ್ಜಿಗೆ ಕುಡೀರಿ ಎಂದದ್ದು ನಾನು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳುವುದಕ್ಕೂ ಮುಖವಿರಲಿಲ್ಲ. ಅಜ್ಜಿ ಪೊಟ್ಟಣವನ್ನು ತಾವೇ ಇಸಕೊಂಡು ನನ್ನ ಚೀಲದೊಳಗೆ ಹಾಕಿದರು.

“ನಡಿ ತಲ್ಲಿ” ಅಂದರು, “ಇನ್ನೊಂದು ಮನೆ ಐತೆ.”